ಸೀತಾಫಲದ ಬಲಮಗ್ಗುಲು

ಗಾಡಿಯವನು ಚೀಲಕ್ಕೆ ಹಾಕಿದ್ದು ತಾನು ಆರಿಸಿದ ಹಣ್ಣೇ ಅಲ್ಲವೇನೋ ಎಂಬ ಅನುಮಾನ ಚನ್ನವೀರೇಶನಿಗೆ ಗೋವಿಂದರಾಜನಗರದ ಮನೆಯ ಮೆಟ್ಟಿಲು ಹತ್ತುವಾಗ ಶುರುವಾಯಿತು. ಅರ್ಧ ಮೆಟ್ಟಿಲಲ್ಲೇ ನಿಂತು ಚೀಲದ ಬಾಯಿ ಬಿಡಿಸಿ ನೋಡಿದ. ಸೀತಾಫಲವೇನೋ ಹೌದು; ಆದರೆ ಅವನು ಬೆರಳಿಟ್ಟು ತೋರಿಸಿದ್ದರ ತೊಟ್ಟು ಇಷ್ಟು ಗಿಡ್ಡವಿರಲಿಲ್ಲ. "ನೀವು ಹೇಳಿದ್ದೇ ಹಾಕಿದೀನಿ ಸಾರ್, ಕಣ್ಣು ಬಿಟ್ಟಿದೆ ನೋಡಿ, ಸಂಜೆಗೆ ತಿನ್ನಬಹುದು" ಎಂದು ಗಾಡಿಯವನು ತಾನಾಗಿಯೇ ಹೇಳಿದ್ದ. ಕೇಳದೆ ಇದ್ದಾಗ ಯಾಕೆ ಹೇಳಬೇಕು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ವಾಪಸ್ಸು ಹೋಗಿ ಕೇಳೋಣವೆಂದರೆ, ಕೆಳಗಿನ ಮನೆಯವರು ಬಾಗಿಲಲ್ಲಿ ಹೂ ಕಟ್ಟುತ್ತ ಕೂತವರು ಒಂದು ಸೀತಾಫಲಕ್ಕಾಗಿ ಎರಡು ಸಲ ಇಳಿದು ಹತ್ತುವ ಮೇಷ್ಟರನ್ನು ನೋಡಿ ನಗುತ್ತಾರೆ. ಈಗಲೇ ನಗುತ್ತಿರಬಹುದು. ತಿನ್ನುವುದಕ್ಕಲ್ಲವಲ್ಲ, ಚಿತ್ರ ಬರೆಸುವುದಕ್ಕೆ ತಾನೆ, ಯಾವುದಾದರೇನು ಎಂದು ಸಮಾಧಾನ ಹೇಳಿಕೊಂಡ. ಇನ್ನು ಸ್ವಲ್ಪ ಹೊತ್ತಿಗೆ ಬಸವೇಶ್ವರನಗರದ ಇನ್‌ಸ್ಟಿಟ್ಯೂಟಿನಲ್ಲಿ ನೀಲಾಂಬಿಕಾ ಎಂಬ ಹುಡುಗಿ ಈ ಹಣ್ಣನ್ನು ಎದುರಿಗಿಟ್ಟುಕೊಂಡು, ಮೂರು ಜನರ ಮುಂದೆ, ತಾನು ಕಳ್ಳಿಯಲ್ಲವೆಂದು ತೋರಿಸಬೇಕಾಗಿತ್ತು. ತೋರಿಸಿದರೆ ಗೇಮ್ ಸ್ಟುಡಿಯೋದಲ್ಲಿ ಕೆಲಸ. ಇಲ್ಲದಿದ್ದರೆ ಕೆಲಸವೂ ಇಲ್ಲ, ಎರಡು ವರ್ಷ ಓದಿದ್ದಕ್ಕೆ ಸರ್ಟಿಫಿಕೇಟೂ ಇಲ್ಲ. ಹೀಗಾಗುವಂತೆ ಮಾಡಿದ್ದು ಚನ್ನವೀರೇಶನೇ.

ಹಣ್ಣಿನ ಪಾಠವೂ ಅವನದೇ ಸೃಷ್ಟಿ. ಡಿಜಿಟಲ್ ಚಿತ್ರಕಲೆ ಕಲಿಯಲು ಬಂದವರು ಕೊನೆಯಲ್ಲಿ ಒಂದೇ ಹಣ್ಣನ್ನು ನಾಲ್ಕು ಬಗೆಯಲ್ಲಿ ಮಾಡಿ ಒಪ್ಪಿಸಬೇಕು. ಮೊದಲು ಪಿಕ್ಸೆಲ್, ಹಳೇ ವಿಡಿಯೋ ಗೇಮಿನ ಹಾಗೆ ಚೌಕ ಚೌಕವಾಗಿ. ಆಮೇಲೆ ವೆಕ್ಟರ್, ಅಂದರೆ ಬರೀ ಗೆರೆ ಮತ್ತು ಸಪಾಟು ಬಣ್ಣ, ಅಂಗಡಿ ಬೋರ್ಡಿಗೆ ಆಗುವಂಥದ್ದು. ಆಮೇಲೆ ಪೇಂಟಿಂಗ್, ನೆರಳು ಬೆಳಕು ಸಮೇತ ಕಂಪ್ಯೂಟರಿನ ಪೆನ್ನಿನಲ್ಲಿ ಬಣ್ಣ ಹಚ್ಚಿದ್ದು. ಕೊನೆಗೆ ತ್ರೀಡಿ, ಸುತ್ತ ತಿರುಗಿಸಿ ನೋಡಬಹುದಾದ ಹಣ್ಣು. ಹಣ್ಣು ಕಣ್ಣೆದುರಿಗೇ ಇರಬೇಕು, ಫೋಟೋ ನೋಡುವ ಹಾಗಿಲ್ಲ, ನಾಲ್ಕೂ ಮುಗಿಯುವ ತನಕ ತಿನ್ನುವ ಹಾಗಿಲ್ಲ. ಬುದ್ಧಿವಂತರು ಸೇಬು ತರುತ್ತಾರೆ, ಇನ್ನೂ ಬುದ್ಧಿವಂತರು ಕಿತ್ತಳೆ. ನೀಲಾಂಬಿಕಾ ಸೀತಾಫಲ ತಂದಿದ್ದಳು. ಕಾಯಿ ಸೀತಾಫಲ, ಎಡಗಡೆಗೆ ಸೊಟ್ಟಗಾದ ತೊಟ್ಟು, ಅದರ ಪಕ್ಕ ಎಡಗಡೆಯೇ ಒಂದು ಕರಿ ಮಚ್ಚೆ. "ಅಷ್ಟೊಂದು ಉಬ್ಬು ತಗ್ಗು, ತ್ರೀಡಿಗೆ ಬಂದಾಗ ಅಳ್ತೀಯಾ ಕಣಮ್ಮ" ಎಂದು ಅವನು ಎಚ್ಚರಿಸಿದ್ದ. "ಇರ್ಲಿ ತಗೋರಿ ಸರ, ನಮ್ಮ ಹೊಲದ ಬದುವಿಗೆ ಇದಾವ್ರಿ ಇವು" ಎಂದು ನಕ್ಕಿದ್ದಳು. ಗಜೇಂದ್ರಗಡದ ಕಡೆಯವಳು, ಕುರುಬರಹಳ್ಳಿಯ ಪೀಜಿಯಲ್ಲಿ ಇರುವವಳು. ತರಗತಿಯಲ್ಲಿ ಎದ್ದು ಒಂದು ದಿನವೂ ಸಂದೇಹ ಕೇಳಿದವಳಲ್ಲ. ಸಂದೇಹ ಕೇಳದ ವಿದ್ಯಾರ್ಥಿಗೆ ಬೇರೆ ಎಲ್ಲೋ ಉತ್ತರ ಸಿಗುತ್ತಿದೆ ಎಂದು ಅವನು ಆಗಲೇ ಅಂದುಕೊಂಡಿದ್ದ.

ಪೇಂಟಿಂಗ್ ನೋಡಿದ ಕೂಡಲೇ ಅವನ ಮನಸ್ಸು ಮೊದಲು ಅಂದದ್ದು ಆಹಾ ಅಂತ. ಆ ಆಹಾ ಕೇಳಿಯೇ ಅವನಿಗೆ ಹೆದರಿಕೆ ಹತ್ತಿತು. ಹಿಂದಿನ ವರ್ಷ ಇಂಥದೇ ಒಂದು ಆಹಾವನ್ನು ಬಾಯಿಬಿಟ್ಟು ಅಂದು ಕೆಟ್ಟಿದ್ದ. ಒಬ್ಬ ಹುಡುಗನ ಮಾವಿನಹಣ್ಣಿನ ಚಿತ್ರವನ್ನು ಇಡೀ ತರಗತಿಗೆ ತೋರಿಸಿ, ಈ ಹಳದಿಯೊಳಗಿನ ಕೆಂಪು ನೋಡಿ, ಇದು ಕೈಯಿಂದ ಬರೋದಲ್ಲ, ಕರುಳಿನಿಂದ ಬರೋದು ಎಂದು ಹೊಗಳಿದ್ದ. ಅದು ಎಐ ಒಂದು ಕ್ಷಣದಲ್ಲಿ ಕಕ್ಕಿದ್ದೆಂದು ಮಧ್ಯಾಹ್ನದ ಟೀ ಹೊತ್ತಿಗೆ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಕಾರಿಡಾರಿನಲ್ಲಿ ಯಾರೋ "ಕರುಳು ಸಾರ್ ಬಂದ್ರು ಕಣ್ರೋ" ಅಂದದ್ದು ಕಿವಿಗೆ ಬಿದ್ದು, ಬಾತ್‌ರೂಮಿಗೆ ಹೋಗಿ ಕೈ ತೊಳೆಯುವವನಂತೆ ಬಹಳ ಹೊತ್ತು ನಿಂತಿದ್ದ. ಅಂದಿನಿಂದ ಚೆನ್ನಾಗಿರುವುದೆಲ್ಲ ಅವನಿಗೆ ಮೋಸವಾಗಿಯೇ ಕಾಣತೊಡಗಿತು. ಸಾಧಾರಣವಾದದ್ದನ್ನು ನೋಡಿದರೆ ನೆಮ್ಮದಿ. ಕೆಟ್ಟದಾಗಿ ಬರೆಯುವವರ ಮೇಲೆ ಪ್ರೀತಿಯೇ ಹುಟ್ಟಿತು. ನೀಲಾಂಬಿಕಾಳ ಸೀತಾಫಲ ಪರದೆಯ ಮೇಲೆ ಕೂತಿತ್ತು, ಉಬ್ಬುಗಳ ಸಂದಿಯಲ್ಲಿ ಬೂದಿಬಣ್ಣ, ಇನ್ನೆರಡು ದಿನ ಬಿಟ್ಟರೆ ಒಡೆಯುತ್ತೇನೆ ಅನ್ನುವ ಹಾಗೆ. ಎಲ್ಲಿ ಮೋಸ, ಎಲ್ಲಿ ಮೋಸ ಎಂದು ಅವನು ಹುಡುಕಿದ. ಸಿಕ್ಕಿತು. ಪಿಕ್ಸೆಲ್ಲಿನಲ್ಲಿ, ವೆಕ್ಟರಿನಲ್ಲಿ, ತ್ರೀಡಿಯಲ್ಲಿ ಕರಿ ಮಚ್ಚೆ ಎಡಕ್ಕೆ. ಪೇಂಟಿಂಗಿನಲ್ಲಿ ಮಾತ್ರ ಬಲಕ್ಕೆ. ತೊಟ್ಟೂ ಬಲಕ್ಕೆ ಸೊಟ್ಟ. ಲ್ಯಾಬಿನ ಕಿಟಕಿ ಅವಳ ಎಡಕ್ಕಿದೆ, ಚಿತ್ರದಲ್ಲಿ ಬೆಳಕು ಬಲದಿಂದ ಬರುತ್ತಿದೆ. ಅವನಿಗಾದ ಸಂತೋಷವನ್ನು ಈಗ ನೆನೆದರೂ ಮೈ ಬಿಸಿಯಾಗುತ್ತದೆ.

"ಇದು ಬೇರೆ ಹಣ್ಣು" ಎಂದಿದ್ದ, ಎಲ್ಲರಿಗೂ ಕೇಳುವ ಹಾಗೆ. ಅವಳು ಪರದೆಯನ್ನೂ ಅವನನ್ನೂ ನೋಡಿದಳು. "ಅದ ಹಣ್ಣರಿ ಸರ. ನಾನ ಬರದೀನ್ರಿ." "ಹಾಗಾದ್ರೆ ಲೇಯರ್ ತೋರ್ಸು. ಒಂದರ ಮೇಲೊಂದು ಹೇಗೆ ಬಣ್ಣ ಹಚ್ಚಿದೆ ಅಂತ ಫೈಲಲ್ಲಿ ಇರುತ್ತಲ್ಲ." ಅವಳು ತಲೆ ತಗ್ಗಿಸಿದಳು. ಲ್ಯಾಬಿನ ಕಂಪ್ಯೂಟರು ಲೇಯರ್ ಹೆಚ್ಚಾದರೆ ಕಲ್ಲಾಗಿ ನಿಂತುಬಿಡುತ್ತದೆ, ಅದಕ್ಕೇ ಎಲ್ಲವನ್ನೂ ಆಗಾಗ ಒಂದು ಮಾಡುತ್ತ ಬಂದೆ ಅಂದಳು. ಎಲ್ಲರೂ ಹಾಗೇ ಮಾಡುತ್ತಾರೆ, ಅವನೂ ಮಾಡುತ್ತಾನೆ. ಆದರೂ ಆ ಹೊತ್ತಿನಲ್ಲಿ ಅದು ಕಳ್ಳನ ಪಿಳ್ಳೆನೆವದಂತೆ ಕೇಳಿಸಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಡೈರೆಕ್ಟರ್ ಗಿರಿರಾಜ್‌ನ ಕೋಣೆಗೆ ಹೋಗಿ ನಾಲ್ಕೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ. ಗಿರಿರಾಜ್ ಚಿತ್ರಕಲೆಯವನಲ್ಲ, ಮೊದಲು ಟೈಲ್ಸ್ ವ್ಯಾಪಾರ ಮಾಡಿಕೊಂಡಿದ್ದವನು. "ಏನ್ ಸಾರ್ ಕಣ್ಣು ನಿಮ್ದು, ಹದ್ದಿನ ಕಣ್ಣು! ಸ್ಟುಡಿಯೋದವರಿಗೆ ಇವಳದೊಂದೇ ಹೆಸರು ಕಳ್ಸಿದ್ನಲ್ಲ ಮಾರಾಯ್ರೇ" ಎಂದು ತಲೆ ಮೇಲೆ ಕೈ ಹೊತ್ತ. ಎಲ್ಲರ ಮುಂದೆ ಇನ್ನೊಮ್ಮೆ ಬರೆಸಿ ನೋಡೋಣ ಎಂದು ತೀರ್ಮಾನವಾಯಿತು. ಷರತ್ತುಗಳನ್ನು ಹಾಕಿದವನು ಚನ್ನವೀರೇಶ. ಇಂಟರ್‌ನೆಟ್ ಇರಬಾರದು. ಮೆನು ಮುಟ್ಟಬಾರದು. ಕೀಬೋರ್ಡೂ ಇರಬಾರದು, ಯಾವ ಕೀ ಒತ್ತಿ ಏನು ಕರೆಸುತ್ತಾರೋ ಯಾರಿಗೆ ಗೊತ್ತು. ಬರೀ ಪೆನ್ನು, ಬರೀ ಕೈ. ಆ ಸಂಜೆ ಅವಳ ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು. ಅಳುತ್ತಾಳೆ, ಬಡತನದ ಕಥೆ ಹೇಳುತ್ತಾಳೆ, ತಾನು ಕರಗಿಬಿಡುತ್ತೇನೆ ಎಂದು ಫೋನನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟ.

ಒಳಗೆ ಜಗದಾಂಬಾ ನಗುತ್ತಿದ್ದಳು. ಹೆಂಡತಿ ಒಬ್ಬಳೇ ನಗುವುದು ಅವನಿಗೆ ಸರಿಬರುವುದಿಲ್ಲ. ಯಾರು, ಏನು, ತನ್ನ ಬಗ್ಗೆಯೇ ಇರಬಹುದೇ. ಚಪ್ಪಲಿ ಬಿಡುತ್ತ ಕಿವಿಗೊಟ್ಟ. ಫೋನಿನಲ್ಲಿ ಯಾವುದೋ ಮುದುಕಿಯ ದನಿ ಏರಿದ ಸ್ವರದಲ್ಲಿ ಬೈಯುತ್ತಿತ್ತು. "ಏನೇ ಅದು?" ಎಂದ, ಕೇಳದವನಂತೆ ಕೇಳಿ. "ಅಯ್ಯೋ ಬನ್ನಿ ಇಲ್ಲಿ, ನಮ್ಮವ್ವನ ಫಜೀತಿ ನೋಡಿ." ದಾವಣಗೆರೆಯಲ್ಲಿರುವ ಅತ್ತೆ ಪಾರವ್ವ ಬೆಳಿಗ್ಗೆ ಪೂಜೆಗೆ ಕೂತಾಗ ಫೋನನ್ನು ತಂಬಿಗೆಗೆ ಒರಗಿಸಿ ತಾನೇ ತನ್ನ ಫೋಟೋ ಹೊಡೆದುಕೊಂಡು ಕುಟುಂಬದ ಗ್ರೂಪಿಗೆ ಹಾಕಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ. ಅದನ್ನು ನೋಡಿದ ಅವರ ಅಕ್ಕ ಹನುಮವ್ವ, ಎಪ್ಪತ್ತು ವರ್ಷ ಲಿಂಗಪೂಜೆ ಮಾಡಿದವಳಿಗೆ ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲವೇ, ಲಿಂಗ ಬಲಗೈಗೆ ಹೋಗಿದೆಯಲ್ಲೇ, ಬೆಂಗಳೂರಿನ ಮಗಳು ಕಲಿಸಿದಳೋ ಎಂದು ಧ್ವನಿಸಂದೇಶದಲ್ಲಿ ಜನ್ಮ ಜಾಲಾಡಿದ್ದರು. ಚನ್ನವೀರೇಶ ಫೋಟೋ ನೋಡಿದ. ಹೌದು, ಎಡಗೈಯಲ್ಲಿರಬೇಕಾದ ಲಿಂಗ ಬಲಗೈಯಲ್ಲಿತ್ತು. "ವಯಸ್ಸಾಯ್ತಲ್ಲ, ಅರಳುಮರಳು" ಎಂದ. ಜಗದಾಂಬಾ ಅವನನ್ನೇ ನೋಡಿದಳು. "ಅಲ್ರೀ, ಕಂಪ್ಯೂಟರ್ ಮೇಷ್ಟ್ರು ನೀವು. ಸೆಲ್ಫಿ ಕಣ್ರೀ ಇದು. ಎಡ ಬಲ ಆಗಿದೆ ಅಷ್ಟೇ. ಸೆರಗು ನೋಡಿ, ಅದೂ ಬಲಗಡೆಗೆ ಹೋಗಿದೆ. ಅವ್ವ ಸೆರಗೂ ತಿರುಗಾ ಹಾಕ್ಕೊಂಡ್ಳು ಅಂತೀರಾ?"

ಚನ್ನವೀರೇಶ ಫೋಟೋವನ್ನು ಇನ್ನೊಮ್ಮೆ ನೋಡಿದ. ಸೀತಾಫಲದ ಚೀಲವನ್ನು ಕೈಯಲ್ಲಿ ಹಿಡಿದೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಫೋನಿನಲ್ಲಿದ್ದ ಅವಳ ಪೇಂಟಿಂಗನ್ನು ತೆರೆದು ಎಡಬಲ ತಿರುಗಿಸಿದ. ಮಚ್ಚೆ ಎಡಕ್ಕೆ ಬಂತು. ತೊಟ್ಟು ಎಡಕ್ಕೆ ಬಂತು. ಬೆಳಕು ಕಿಟಕಿಯ ಕಡೆಯಿಂದ ಬಂತು. ನಾಲ್ಕು ಚಿತ್ರದಲ್ಲೂ ಅದೇ ಹಣ್ಣು ಕೂತಿತ್ತು. ತಿರುಗಿಸಿ ನೋಡುವುದನ್ನು ಕಲಿಸಿದವನೇ ಅವನು. ಮೊದಲ ತಿಂಗಳಲ್ಲೇ ಎಲ್ಲರ ಕೀಬೋರ್ಡಿನಲ್ಲೂ ಅದಕ್ಕೊಂದು ಕೀ ಗೊತ್ತು ಮಾಡಿಸಿ, "ಬರೀತಾ ಬರೀತಾ ಕಣ್ಣಿಗೆ ಅಭ್ಯಾಸ ಆಗ್ಬಿಡುತ್ತೆ ಕಣ್ರೋ, ನಿಮ್ಮ ಸೊಟ್ಟ ನಿಮಗೇ ಕಾಣಲ್ಲ. ಆಗಾಗ ಚಿತ್ರಾನ ಎಡಬಲ ತಿರುಗಿಸಿ ನೋಡಿ, ಸೊಟ್ಟ ಎದ್ದು ಬರುತ್ತೆ. ಸರಿ ಮಾಡಿ, ವಾಪಸ್ ತಿರುಗಿಸಿ" ಎಂದು ಹೇಳಿದ್ದ. ಅವಳು ತಿರುಗಿಸಿದ್ದಾಳೆ, ಸರಿ ಮಾಡಿದ್ದಾಳೆ, ವಾಪಸ್ ತಿರುಗಿಸುವುದನ್ನು ಮರೆತಿದ್ದಾಳೆ. ಇಷ್ಟೇ. ದಿನಾ ನೂರು ಜನ ಮಾಡುವ ತಪ್ಪು. ತನ್ನದೇ ಪಾಠ ತನ್ನೆದುರಿಗೆ ಬಂದು ನಿಂತಾಗ ಗುರುತು ಸಿಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಒಂದು ಗಳಿಗೆ ನಿಜವಾದ ನಾಚಿಕೆ. ಮರುಗಳಿಗೆಗೆ ಇನ್ನೊಂದು ಯೋಚನೆ ತಲೆ ಹಾಕಿತು: ಬೇಕೆಂದೇ ಬಿಟ್ಟಳೇನು? ನೋಡೋಣ, ಈ ಹದ್ದಿನ ಕಣ್ಣಿಗೆ ಕಾಣುತ್ತದೋ ಇಲ್ಲವೋ ಎಂದು ಬಲೆ ಬೀಸಿದಳೇನು? ಹಿಂದಿನ ವರ್ಷದ ಹುಡುಗರು ಹೇಳಿಕೊಟ್ಟಿರಬಹುದು. ಆ ಯೋಚನೆ ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು, ಆದರೆ ಯೋಚನೆ ಹೋಗಲಿಲ್ಲ. "ತಿಂಡಿ ಹಾಕ್ಲಾ?" ಎಂದು ಹೊರಗಿನಿಂದ ಜಗದಾಂಬಾ ಕೂಗಿದಳು. ಬೇಡ ಎಂದ.

ಗಿರಿರಾಜ್‌ಗೆ ಫೋನ್ ಮಾಡಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೆಸರು ಹುಡುಕಿ, ಬೆರಳು ಅದರ ಮೇಲೆ ಇಟ್ಟು, ಒತ್ತದೆ ಸ್ಕೂಟರ್ ಹತ್ತಿದ. ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೇ ಹೇಳುತ್ತೇನೆ. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಡೆಲಿವರಿಯ ಹುಡುಗ ಅವನ ಹ್ಯಾಂಡಲಿಗೆ ನೇತುಹಾಕಿದ್ದ ಚೀಲವನ್ನು ನೋಡಿದ. ಚನ್ನವೀರೇಶ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಯಾಕೆ ಎಳೆದುಕೊಂಡೆ ಅನಿಸಿತು. ಅಪ್ಪ ಭರಮಪ್ಪ ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಗೇಟು ಕಾಯುತ್ತಿದ್ದರು. ಪಾಳಿ ಬಿಟ್ಟಾಗ ಸಾಲಾಗಿ ಹೊರಗೆ ಬರುವವರ ಸೊಂಟ ತಡವಿ, ಊಟದ ಡಬ್ಬಿ ತೆರೆಸಿ ನೋಡುವುದು ಅವರ ಕೆಲಸ. ಮನೆಗೆ ಬಂದು ಊಟಕ್ಕೆ ಕೂತರೂ ಪಾತ್ರೆಯ ಮುಚ್ಚಳ ತೆಗೆದು ತಳ ನೋಡುತ್ತಿದ್ದರು. ಅವ್ವ ನಗುತ್ತಿದ್ದಳು, "ನೂಲಿನ ಉಂಡೆ ಇಟ್ಟಿಲ್ಲ, ಉಣ್ರಿ" ಎಂದು. ಅಪ್ಪನಿಗೆ ಅದು ಕೆಲಸವಾಗಿತ್ತು. ತನಗೆ ಯಾರೂ ಅಂಥ ಕೆಲಸ ಕೊಟ್ಟಿಲ್ಲ, ಆದರೂ ಗೇಟಿನಲ್ಲಿ ನಿಂತಿದ್ದೇನೆ. ಹಿಂದಿನ ಕಾರಿನವನು ಹಾರನ್ ಹೊಡೆದ. ಸಿಗ್ನಲ್ ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಇನ್‌ಸ್ಟಿಟ್ಯೂಟಿನ ಕೆಳಗಿನ ಬೇಕರಿಯ ಮುಂದೆ ಸ್ಕೂಟರ್ ನಿಲ್ಲಿಸಿ ಮೇಲಕ್ಕೆ ಹೋಗುವಷ್ಟರಲ್ಲಿ ಮಾತನ್ನು ಜೋಡಿಸಿಕೊಂಡಿದ್ದ. ನೋಡಿ ಗಿರಿರಾಜ್, ನನ್ನಿಂದ ಒಂದು ತಪ್ಪಾಗಿದೆ. ಅಷ್ಟೇ, ಅಲ್ಲಿಂದ ಮುಂದೆ ತಾನಾಗಿ ಬರುತ್ತದೆ. ಆದರೆ ಲ್ಯಾಬಿನ ಬಾಗಿಲಲ್ಲೇ ಗಿರಿರಾಜ್ ಅವನ ಹೆಗಲ ಮೇಲೆ ಕೈಹಾಕಿ ಸ್ಟುಡಿಯೋದಿಂದ ಬಂದ ಅನಘಾ ಎಂಬವಳ ಮುಂದೆ ನಿಲ್ಲಿಸಿದ. ಮೂವತ್ತು ದಾಟಿರದ ಹೆಂಗಸು, ಗಿಡ್ಡ ಕೂದಲು, ಕೈಯಲ್ಲಿ ಬೇಕರಿಯ ಕಾಗದದ ಲೋಟ. "ಓ, ಇವರೇನಾ! ಎಐ ಹಿಡಿಯೋದು ನಮ್ಮ ಆಫೀಸಲ್ಲೂ ಯಾರಿಗೂ ಆಗ್ತಾ ಇಲ್ಲ ಸರ್. ನಮ್ಮವರಿಗೆ ಒಂದು ಟಾಕ್ ಕೊಡಿ ನೀವು" ಎಂದಳು. ಅವನು ನಕ್ಕ. ನಕ್ಕಮೇಲೆ ಆ ಮಾತು ಬರಲಿಲ್ಲ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನೀಲಾಂಬಿಕಾ ಆಗಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಬೆನ್ನು ನೆಟ್ಟಗೆ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ಹಣ್ಣನ್ನು ಅವಳೆದುರಿನ ಮೇಜಿನ ಮೇಲೆ ಇಟ್ಟಾಗ ಅವಳು ಅವನ ಮುಖ ನೋಡಲಿಲ್ಲ, ಹಣ್ಣನ್ನೇ ನೋಡಿದಳು. ಆಗ ಅವನಿಗೊಂದು ದಾರಿ ಹೊಳೆಯಿತು. ಹೇಗಿದ್ದರೂ ಕೈ ಅವಳದೇ. ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ, ಗೆಲ್ಲುತ್ತಾಳೆ. ಹಾಗಾದರೆ ತಾನು ಬಾಯಿ ಬಿಡುವ ಅಗತ್ಯವೆಲ್ಲಿ? "ನನ್ನ ಅನುಮಾನ ಸುಳ್ಳಾದದ್ದಕ್ಕೆ ನನಗೇ ಸಂತೋಷ" ಎಂದು ಕೊನೆಯಲ್ಲಿ ದೊಡ್ಡ ಮನಸ್ಸಿನಿಂದ ಹೇಳಿದರಾಯಿತು. ಈ ಏರ್ಪಾಡು ಎಷ್ಟು ಸೊಗಸಾಗಿತ್ತೆಂದರೆ ಅವನಿಗೆ ಅವಳ ಮೇಲೆ ಮಮತೆ ಉಕ್ಕಿತು. ಗಿರಿರಾಜ್ ಕೀಬೋರ್ಡಿನ ವೈರು ಕಿತ್ತು ಕಂಕುಳಲ್ಲಿ ಇಟ್ಟುಕೊಂಡ. "ಶುರು ಮಾಡಮ್ಮ. ಬರೀ ಪೆನ್ನು, ಗೊತ್ತಾಯ್ತಾ? ಮೆನುಗಿನು ಏನೂ ಮುಟ್ಟಂಗಿಲ್ಲ."

ಅವಳು ಶುರು ಮಾಡಿದಳು. ಮೊದಲ ಗೆರೆಗಳಲ್ಲೇ ಅವನಿಗೆ ಗುರುತು ಸಿಕ್ಕಿತು. ಪೇಂಟಿಂಗಿನಲ್ಲಿದ್ದ ಕೈ ಇದೇ. ಉಬ್ಬುಗಳನ್ನು ಒಂದೊಂದಾಗಿ ಬರೆಯದೆ ಮೊದಲು ಸಂದಿಗಳ ನೆರಳನ್ನು ಎಳೆಯುತ್ತಾಳೆ, ಬೆಳಕು ತಾನಾಗಿ ಉಳಿದುಕೊಳ್ಳುತ್ತದೆ. ಇದನ್ನು ಅವನು ಕಲಿಸಿರಲಿಲ್ಲ. ಅನಘಾ ಒಂದು ಹೆಜ್ಜೆ ಹತ್ತಿರ ಬಂದಳು. ಇನ್ನೇನು ತೊಂದರೆಯಿಲ್ಲ ಎಂದು ಅವನು ಗೋಡೆಗೆ ಒರಗಿದ. ಆಮೇಲೆ ಯಾವಾಗಲೋ ಹಣ್ಣು ವಾಲತೊಡಗಿತು. ಅವಳಿಗೆ ಅದು ಕಾಣುತ್ತಿಲ್ಲವೆಂಬುದು ಅವನಿಗೆ ಕಾಣುತ್ತಿತ್ತು. ಬಲಮಗ್ಗುಲು ಊದಿಕೊಂಡು, ಬುಡ ಜಾರಿ, ಮೇಜಿನಿಂದ ಉರುಳಲು ಹೊರಟ ಹಣ್ಣು. ಏನೋ ಸರಿಯಿಲ್ಲವೆಂದು ಅವಳ ಹುಬ್ಬು ಗಂಟಾಯಿತು; ಬಣ್ಣ ಬದಲಿಸಿದಳು, ತೊಟ್ಟನ್ನು ತಿದ್ದಿದಳು, ತಪ್ಪು ಎಲ್ಲಿದೆಯೋ ಅಲ್ಲೊಂದನ್ನು ಬಿಟ್ಟು ಎಲ್ಲ ಕಡೆ ಹುಡುಕಿದಳು. ಅವಳ ಎಡಗೈ ಮೇಜಿನ ಮೇಲಿತ್ತು. ಕೀಬೋರ್ಡ್ ಇರಬೇಕಾದ ಜಾಗದಲ್ಲಿ, ಬರಿಯ ಹಲಗೆಯ ಮೇಲೆ, ಅವಳ ಕಿರುಬೆರಳು ಒಂದು ಸಲ ಒತ್ತಿತು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜಾಗದಲ್ಲಿ ಒತ್ತಿತು. ಚನ್ನವೀರೇಶನಿಗೆ ಆ ಜಾಗದಲ್ಲಿ ಯಾವ ಕೀ ಇರುತ್ತದೆಂದು ಗೊತ್ತಿತ್ತು. ಕುರುಡರು ಗೋಡೆ ತಡವುವ ಹಾಗೆ ಬೆರಳು ತಡವುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವಳು ಸೋಲುತ್ತಿದ್ದಳು, ಸೋಲುತ್ತಿದ್ದದ್ದು ಅವನು ಕಿತ್ತುಕೊಂಡ ಒಂದು ಕೀಲಿಯಿಂದ.

"ಸಾಕು ಬಿಡಮ್ಮ" ಎಂದ ಗಿರಿರಾಜ್. ದನಿ ಕಠಿಣವಾಗಿರಲಿಲ್ಲ, ಮರುಕವಿತ್ತು, ಅದೇ ಇನ್ನೂ ಕೆಟ್ಟದ್ದಾಗಿತ್ತು. "ನನಗೇನ್ ಡ್ರಾಯಿಂಗ್ ಬರಲ್ಲ, ಆದ್ರೂ ಇದು ಸೊಟ್ಟ ಅಂತ ಕಾಣುತ್ತೆ. ಅದು ಹಂಗಿರ್ಲಿಲ್ಲ. ಅದು ಇವಳದಲ್ಲ ಅಂತ ಚನ್ನವೀರೇಶ್ ಸಾರ್ ಅವತ್ತೇ ಹೇಳಿದ್ರು, ಅಲ್ವಾ ಸಾರ್?" ಎಲ್ಲರೂ ಅವನ ಕಡೆ ತಿರುಗಿದರು. ನೀಲಾಂಬಿಕಾ ತಿರುಗಲಿಲ್ಲ. ಅವಳ ಜಡೆಯ ಕೆಳಗೆ ಕುತ್ತಿಗೆ ಕೆಂಪಾಗಿರುವುದು ಮಾತ್ರ ಕಂಡಿತು.

"ಅದು ಇವಳದೇ" ಎಂದ ಚನ್ನವೀರೇಶ. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಅದು ಇವಳೇ ಬರ್ದಿದ್ದು. ತಪ್ಪು ನಂದು. ಚಿತ್ರ ಎಡಬಲ ತಿರುಗಿತ್ತು ಅಷ್ಟೇ. ನಾನೇ ಹಾಗೆ ತಿರುಗಿಸಿ ನೋಡಿ ಅಂತ ಹೇಳ್ಕೊಟ್ಟಿದ್ದು. ವಾಪಸ್ ತಿರುಗಿಸೋದು ಮರ್ತಿದಾಳೆ. ಈಗ ಕೀಬೋರ್ಡ್ ಇಲ್ಲ, ತಿರುಗಿಸೋಕಾಗ್ತಿಲ್ಲ, ಅದಕ್ಕೇ ಸೊಟ್ಟ."

ಗಿರಿರಾಜ್ ಅವನನ್ನೇ ನೋಡಿದ. "ಏನ್ ಸಾರ್, ಈಗ ಹೊಸ ರಾಗ? ಕೀಬೋರ್ಡ್ ಬೇಡ ಅಂದೋರು ನೀವೇ."

"ಹೌದು. ಬೆಳಿಗ್ಗೆ ಗೊತ್ತಾಯ್ತು."

"ಬೆಳಿಗ್ಗೇನೆ ಗೊತ್ತಾಗಿದ್ರೆ ಇಷ್ಟೊತ್ತು ಯಾಕ್ ಸುಮ್ನಿದ್ರಿ?"

ಇದಕ್ಕೆ ಅವನಲ್ಲಿ ಉತ್ತರವಿತ್ತು, ಆದರೆ ಅನಘಾಳ ಮುಂದೆ ಹೇಳುವಂಥದ್ದಾಗಿರಲಿಲ್ಲ. ಅವನು ಕಿಟಕಿಯ ಕಡೆ ನೋಡಿದ. ಅನಘಾ ಲೋಟವನ್ನು ಕೆಳಗಿಟ್ಟಳು. "ಸರ್, ಮಧ್ಯದಲ್ಲಿ ಇವರು ನಿಮ್ಮ ಹತ್ರ ಏನಾದ್ರೂ ಮಾತಾಡಿದ್ರಾ?" ಎಂದು ಬಹಳ ಮೆತ್ತಗೆ ಕೇಳಿದಳು.

"ಇಲ್ಲ. ಫೋನ್ ಮಾಡಿದ್ಲು. ನಾನು ಎತ್ತಲಿಲ್ಲ."

"ಫೋನ್ ಮಾಡಿದ್ಲಾ?" ಎಂದ ಗಿರಿರಾಜ್. ಆ ಎರಡು ಮಾತಿನಲ್ಲಿ ಅವನು ಏನನ್ನೋ ಜೋಡಿಸಿಕೊಂಡದ್ದು ಚನ್ನವೀರೇಶನಿಗೆ ಸ್ಪಷ್ಟವಾಗಿ ಕಂಡಿತು. "ಏನಮ್ಮ, ಸಾರ್‌ಗೆ ಫೋನ್ ಮಾಡಿದ್ಯಾ?"

"ಮಾಡಿದ್ನಿರಿ" ಎಂದಳು ನೀಲಾಂಬಿಕಾ, ಪರದೆಯ ಕಡೆ ಮುಖ ಇಟ್ಟುಕೊಂಡೇ. "ತಿರುಗಿದ್ದು ಹೇಳಬೇಕಂತ ಮಾಡಿದ್ದೆ. ಎತ್ತಲಿಲ್ರಿ."

ಗಿರಿರಾಜ್ ಸಣ್ಣಗೆ ನಕ್ಕ. ಅದು ನಂಬದವನ ನಗು. ತುಟಿಯ ಒಂದೇ ಕೊನೆಯಲ್ಲಿ ಬಂದು ನಿಲ್ಲುವ ಆ ನಗುವನ್ನು ಚನ್ನವೀರೇಶ ಬೇರೆಯವರ ಮುಖದಲ್ಲಿ ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನಿಜ, ನಿಜ ಹೇಳುತ್ತಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಿದಷ್ಟೂ ಸುಳ್ಳಿನಂತೆ ಕೇಳಿಸುತ್ತದೆಂದೂ ಗೊತ್ತಿತ್ತು. ಮೊನ್ನೆ ಅವಳೂ ಹೀಗೇ ನಿಂತಿದ್ದಳಲ್ಲ, "ನಾನ ಬರದೀನ್ರಿ" ಎಂದು ಒಂದೇ ಸಲ ಹೇಳಿ ಸುಮ್ಮನಾಗಿದ್ದಳಲ್ಲ. ಯಾಕೆ ಸುಮ್ಮನಾದಳೆಂದು ಅವನಿಗೆ ಈಗ ತಿಳಿಯಿತು. ಈ ವಯಸ್ಸಿಗೆ ಈ ಗತಿಯೇ ಎಂದು ತನ್ನ ಮೇಲೆಯೇ ಕನಿಕರಪಡಲು ಹೊರಟ ಮನಸ್ಸನ್ನು, ಅವಳ ವಯಸ್ಸೆಷ್ಟು ಎಂದು ಕೇಳಿ ಗದರಿಸಿದ.

"ಕೀಬೋರ್ಡ್ ಕೊಡಿ" ಎಂದಳು ಅನಘಾ.

"ಮೇಡಂ, ಷರತ್ತು..."

"ಕೊಡಿ. ನೋಡೇಬಿಡೋಣ."

ಗಿರಿರಾಜ್ ಕಂಕುಳಿಂದ ತೆಗೆದು ವೈರು ಸಿಕ್ಕಿಸಿದ. ನೀಲಾಂಬಿಕಾಳ ಕೈ ಕೀಲಿಯ ಮೇಲೆ ಹೋಗಿ ನಿಂತಿತು. ಒತ್ತುವ ಮೊದಲು ಅವಳು ತಿರುಗಿ, ಅವತ್ತು ಮೊದಲ ಸಲ, ಚನ್ನವೀರೇಶನ ಮುಖವನ್ನು ನೋಡಿದಳು. ಅನುಮತಿ ಕೇಳುವ ನೋಟವಲ್ಲ, ಕೃತಜ್ಞತೆಯಂತೂ ಅಲ್ಲ. ಇದರಲ್ಲಿ ಇನ್ನೇನು ಹೂಡಿದ್ದೀರಿ ಎಂದು ಅಳೆಯುವ ನೋಟ. ಎರಡು ವರ್ಷದ ಹಿಂದೆ ನಗುನಗುತ್ತ ಬಂದ ಹುಡುಗಿಯ ಕಣ್ಣಿನಲ್ಲಿ ಅದು ಇರಲಿಲ್ಲ. ಅದನ್ನು ಹಾಕಿದವನು ತಾನೇ ಎಂದು ಅವನಿಗೆ ತಿಳಿದಾಗ ತಲೆ ತಗ್ಗಿಸುವುದೊಂದು ಉಳಿದಿತ್ತು, ತಗ್ಗಿಸಿದ.

ಅವಳು ಒತ್ತಿದಳು. ಹಣ್ಣು ಎಡಬಲವಾಯಿತು. "ಅವ್ವಾ!" ಎಂದಳು ಗಟ್ಟಿಯಾಗಿ, ಹಾಲು ಉಕ್ಕಿದ್ದು ಕಂಡ ಹೆಂಗಸಿನ ಹಾಗೆ. ಪೆನ್ನು ಆಗಲೇ ಕೈಯಲ್ಲಿತ್ತು. ಊದಿದ ಮಗ್ಗುಲನ್ನು ಒಂದೇ ಎಳೆತಕ್ಕೆ ಒಳಗೆ ತಂದಳು, ಬುಡವನ್ನು ನೇರ ಮಾಡಿದಳು, ಮತ್ತೆ ತಿರುಗಿಸಿದಳು, ತಿದ್ದಿದಳು, ಮತ್ತೆ ತಿರುಗಿಸಿದಳು. ಹಣ್ಣು ಮೇಜಿನ ಮೇಲೆ ಎದ್ದು ಕೂತಿತು. ಗಿರಿರಾಜ್ ಏನೋ ಹೇಳಲು ಹೋದ. ಅನಘಾ ಕೈಯಿಂದಲೇ ಸುಮ್ಮನಿರಿಸಿ ಒಂದು ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕ ಕೂತಳು. ಚನ್ನವೀರೇಶ ತಾನೂ ಹತ್ತಿರ ಹೋದ. ಹೇಳಬೇಕಾದದ್ದು ಬಹಳವಿತ್ತು, ಎಲ್ಲರ ಮುಂದೆ ಕ್ಷಮೆ ಕೇಳಬೇಕು, ಈಗಲೇ ಕೇಳಬೇಕು ಎಂದು ಬಾಯಿ ತೆರೆದ.

"ಸ್ವಲ್ಪ ಆ ಕಡೆ ಸರೀರಿ" ಎಂದಳು ನೀಲಾಂಬಿಕಾ. ಕಣ್ಣು ಹಣ್ಣಿನ ಮೇಲೆಯೇ ಇತ್ತು. ನಿಂತವರು ಯಾರೆಂದು ನೋಡಿರಲಿಲ್ಲ. "ನೆರಳ ಬೀಳಾಕತ್ತೈತಿ."

ಅವನು ಸರಿದ. ಕಿಟಕಿಗೂ ಮೇಜಿಗೂ ನಡುವೆಯೇ ನಿಂತಿದ್ದರಿಂದ ಇನ್ನೂ ಅವನ ತಲೆಯ ನೆರಳು ಹಣ್ಣನ್ನು ಮುಟ್ಟುತ್ತಿತ್ತು. ಅವಳು ಎರಡನೆಯ ಸಲ ಹೇಳುವ ಮೊದಲೇ ಅವನು ಮತ್ತಷ್ಟು ಹಿಂದಕ್ಕೆ, ಬಾಗಿಲಿನ ತನಕ ಹೋಗಿ ನಿಂತ.